ಕಟ್ಟದೆ ಇಟ್ಟ ವಾಚಿನ ಸೆಲ್ ಉಳಿಸೋದು: ಕೀ ಎಳೆದಿಡಬೇಕಾ, ಸೆಲ್ಲನ್ನೇ ತೆಗೆದಿಡಬೇಕಾ?

ಪುಟ್ಟಮುಳ್ಳು

ವಾಚು ಆರು, ಕೈ ಒಂದೇ. ಪೆಟ್ಟಿಗೆಯಲ್ಲಿ ಉಳಿಯೋ ಐದೂ ಸುಮ್ಮನೆ ಸೆಲ್ ತಿಂತಾ ಕೂತಿರುತ್ತವೆ. ಪಟ್ಟಿ ಹೀಗಿದೆ:

- ಮೂರು ಮುಳ್ಳಿನ ಸಾದಾ ಕ್ವಾರ್ಟ್ಜ್ ಎರಡು. ಎರಡಕ್ಕೂ ಎಸ್‌ಆರ್626ಎಸ್‌ಡಬ್ಲ್ಯೂ ಸೆಲ್, ಒಂದಕ್ಕೆ ತಾರೀಖು ಇದೆ
- ಕ್ವಾರ್ಟ್ಜ್ ಕ್ರೋನೊಗ್ರಾಫ್ (ಸ್ಟಾಪ್‌ವಾಚ್ ಇರೋದು) ಒಂದು
- ಕ್ಯಾಸಿಯೊ ಎಫ್-91ಡಬ್ಲ್ಯೂ (ಡಿಜಿಟಲ್)
- ಸಿಟಿಜನ್ ಇಕೊ-ಡ್ರೈವ್ (ಬೆಳಕಿನಿಂದ ಚಾರ್ಜ್ ಆಗೋದು)
- ಸ್ಮಾರ್ಟ್‌ವಾಚ್ ಒಂದು

ಕೆಲವನ್ನು ಎರಡು ವಾರ ಮುಟ್ಟೋದಿಲ್ಲ, ಕೆಲವನ್ನು ಆರು ತಿಂಗಳು, ಸಾದಾದಲ್ಲಿ ತಾರೀಖಿಲ್ಲದ್ದನ್ನು ಎರಡು ವರ್ಷ. ಕೀ ಎಳೆದಿಟ್ರೆ ನಿಜವಾಗ್ಲೂ ಸೆಲ್ ಉಳಿಯುತ್ತಾ? ಎಷ್ಟು? ಫ್ರಿಜ್‌ನಲ್ಲಿ ಇಡಿ ಅಂತಾನೂ ಹೇಳ್ತಾರೆ, ಅದು ಹೌದಾ? ಯಾವ ವಾಚಿಗೆ ಏನು ಮಾಡಬೇಕು ಅನ್ನೋದು ಲೆಕ್ಕದ ಸಮೇತ ಬೇಕು.

ಮೈಕ್ರೊಆಂಪ್

ಸಾದಾ ಕ್ವಾರ್ಟ್ಜ್‌ನಿಂದ ಶುರು ಮಾಡೋಣ, ಅದರ ಲೆಕ್ಕ ಗೊತ್ತಾದ್ರೆ ಉಳಿದದ್ದು ಸಲೀಸು.

ಒಳಗೆ ಕರೆಂಟ್ ತಿನ್ನೋರು ಇಬ್ಬರು. ಒಬ್ಬ, ಸೆಕೆಂಡಿಗೆ 32,768 ಸಲ ನಡುಗೋ ಹರಳು ಮತ್ತು ಅದನ್ನು ಎಣಿಸೋ ಚಿಪ್ಪು. ಇನ್ನೊಬ್ಬ, ಸೆಕೆಂಡಿಗೊಮ್ಮೆ ಕಾಯಿಲ್‌ಗೆ ಕೆಲವೇ ಮಿಲಿಸೆಕೆಂಡಿನ ಏಟು ಕೊಟ್ಟು ಮುಳ್ಳು ಮುಂದೆ ತಳ್ಳೋ ಸ್ಟೆಪ್ಪರ್ ಮೋಟರ್. ಹೊಟ್ಟೆಬಾಕ ಈ ಎರಡನೆಯವನು. ಕೀಯನ್ನು, ಅಂದ್ರೆ ಕ್ರೌನನ್ನು, ಪೂರ್ತಿ ಹೊರಗೆ ಎಳೆದಾಗ ಒಳಗಿನ ಒಂದು ಸಣ್ಣ ಲಿವರ್ ಚಿಪ್ಪಿನ ರೀಸೆಟ್ ಕಾಲಿಗೆ ತಾಗುತ್ತೆ, ಮೋಟರ್ ಏಟು ನಿಲ್ಲುತ್ತೆ. ಹರಳು ಮಾತ್ರ ನಡುಗ್ತಾನೇ ಇರುತ್ತೆ. ಅದಕ್ಕೇ ಉಳಿತಾಯ ನೂರಕ್ಕೆ ನೂರು ಆಗೋದಿಲ್ಲ. ಸ್ವಿಸ್ ರೊಂಡಾ ಕಂಪನಿ ತನ್ನ ಹಲವು ಮಷೀನ್‌ಗಳಿಗೆ, ಅಂದ್ರೆ ವಾಚಿನ ಒಳಯಂತ್ರಗಳಿಗೆ, ಕೊಡೋ ಅಂಕಿ ಸುಮಾರು ಶೇ. 70.

ಈಗ ಲೆಕ್ಕ. ಎಸ್‌ಆರ್626ಎಸ್‌ಡಬ್ಲ್ಯೂ, ಅದೇ 377 ನಂಬರಿನ ಸೆಲ್, ಸುಮಾರು 26 ಮಿಲಿಆಂಪ್-ಅವರ್ ಹಿಡಿಯುತ್ತೆ. 1 ಮಿಲಿಆಂಪ್ ಅಂದ್ರೆ 1,000 ಮೈಕ್ರೊಆಂಪ್, ಹಾಗಾಗಿ ವಾಚು ಸರಾಸರಿ 1 ಮೈಕ್ರೊಆಂಪ್ ಎಳೆದ್ರೆ 26,000 ಗಂಟೆ. ವರ್ಷಕ್ಕೆ 8,760 ಗಂಟೆ, ಹಾಗಾಗಿ ಮೂರು ವರ್ಷಕ್ಕೆ ಸ್ವಲ್ಪ ಕಮ್ಮಿ. ಕೀ ಎಳೆದಾಗ 0.3 ಮೈಕ್ರೊಆಂಪ್ ಅಂದುಕೊಂಡ್ರೆ ಕಾಗದದ ಮೇಲೆ ಹತ್ತು ವರ್ಷ ಬರುತ್ತೆ. ಇದನ್ನು ನಂಬಿ ಹತ್ತು ವರ್ಷ ಇಟ್ಟುಬಿಡಬೇಡಿ, ಯಾಕೆ ಅಂತ ರಿಪೇರಿ ಮಾಡೋರು ಯಾರಾದ್ರೂ ಬಂದು ಹೇಳ್ತಾರೆ.

ಎರಡು ವಾರಕ್ಕೆ? 336 ಗಂಟೆ, 0.34 ಮಿಲಿಆಂಪ್-ಅವರ್. ಸೆಲ್ಲಿನ ಶೇ. 1.3. ಕೀ ಎಳೆದ್ರೆ ಅದರಲ್ಲಿ ಶೇ. 70 ಉಳಿಯುತ್ತೆ, ಅಂದ್ರೆ ಹೆಚ್ಚುಕಮ್ಮಿ ಹತ್ತು ದಿನದ ಓಟ. ಆಮೇಲೆ ಟೈಮು ತಾರೀಖು ಎರಡೂ ಮತ್ತೆ ಹೊಂದಿಸಬೇಕು. ಲಾಭವೋ ನಷ್ಟವೋ ನೀವೇ ನೋಡಿ.

ಬಿಸಿಲುಕುದುರೆ

ಎರಡು ಸಲ ಎಳೀಬೇಕಾ ಒಂದು ಸಲ ಸಾಕಾ ಅನ್ನೋದನ್ನೂ ಹೇಳಿಬಿಡಿ ಸರ್. ತಾರೀಖಿರೋ ವಾಚಲ್ಲಿ ಬಹಳ ಜನ ಇಲ್ಲೇ ಎಡವೋದು.

ಮೈಕ್ರೊಆಂಪ್

ಒಳ್ಳೆ ಪಾಯಿಂಟು. ತಾರೀಖಿರೋ ವಾಚಿನ ಕೀಗೆ ಎರಡು ಹಂತ. ಮೊದಲ ಕ್ಲಿಕ್ ಬರೀ ತಾರೀಖು ಬದಲಿಸೋಕೆ. ಅಲ್ಲಿ ಮೋಟರ್ ನಿಲ್ಲೋದೇ ಇಲ್ಲ, ಸೆಕೆಂಡ್ ಮುಳ್ಳು ಓಡ್ತಾನೇ ಇರುತ್ತೆ. ಎರಡನೇ ಕ್ಲಿಕ್‌ಗೆ ಎಳೆದಾಗ ಮಾತ್ರ ನಿಲ್ಲುತ್ತೆ. ಸೆಕೆಂಡ್ ಮುಳ್ಳು ನಿಂತಿದೆಯಾ ಅಂತ ಹತ್ತು ಸೆಕೆಂಡ್ ನೋಡಿಯೇ ಪೆಟ್ಟಿಗೆಗೆ ಹಾಕಿ.

ಇನ್ನೊಂದು: ರಾತ್ರಿ 9ರಿಂದ ಬೆಳಗಿನ ಜಾವ 4ರ ನಡುವಿನ ಟೈಮಲ್ಲಿ ನಿಲ್ಲಿಸಬೇಡಿ. ಆ ಹೊತ್ತಲ್ಲಿ ತಾರೀಖು ತಳ್ಳೋ ಬೆರಳು ಹಲ್ಲಿಗೆ ತಾಗಿಕೊಂಡಿರುತ್ತೆ. ಮತ್ತೆ ಕಟ್ಟುವಾಗ ಅವಸರದಲ್ಲಿ ಮೊದಲ ಹಂತದಲ್ಲಿ ತಾರೀಖು ತಿರುಗಿಸಿದ್ರೆ ಆ ಪ್ಲಾಸ್ಟಿಕ್ ಬೆರಳು ಬಾಗುತ್ತೆ, ಇಲ್ಲಾ ಮುರಿಯುತ್ತೆ. ಮುಳ್ಳನ್ನು ಬೆಳಗಿನ ಹತ್ತರ ಹತ್ತಿರ ತಂದು ನಿಲ್ಲಿಸಿ. ಅಂಗಡಿ ಶೋಕೇಸಲ್ಲಿ ಇರೋ ಹಾಗೆ 10 ಗಂಟೆ 10 ನಿಮಿಷಕ್ಕೇ ಇಟ್ರೂ ಸರಿ, ಚೆಂದಕ್ಕೆ ಚೆಂದ.

ಕಡಲತಡಿ

ಕೀ ಎಳೆದಿಡಿ ಅಂತ ಎಲ್ಲರಿಗೂ ಒಂದೇ ಮಾತು ಹೇಳೋದು ಸರಿಯಲ್ಲ ಮಾರಾಯ್ರೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಗೋಡೆಯೇ ಬೆವರ್ತದೆ. ಕೀಯ ಒಳಗೊಂದು ಸಣ್ಣ ರಬ್ಬರ್ ಉಂಗುರ ಉಂಟು. ಕೀ ಒಳಗೆ ಕೂತಾಗ ಅದು ಕೊಳವೆಗೆ ಸರಿಯಾಗಿ ಒತ್ತಿಕೊಂಡಿರ್ತದೆ. ಎಳೆದಾಗ ಆ ಹಿಡಿತ ಸಡಿಲ. ತಿರುಪಿನ ಕೀ ಆದ್ರೆ ಇನ್ನೂ ಕಷ್ಟ, ತಿರುಪು ಬಿಚ್ಚಿದ ಮೇಲೆ ಮುಖ್ಯ ಬಾಗಿಲೇ ತೆರೆದ ಹಾಗೆ. 200 ಮೀಟರ್ ಅಂತ ಬರೆದದ್ದು ಕೀ ಒಳಗಿದ್ದಾಗಿನ ಮಾತು.

ಒಳಗೆ ಹೋದ ತೇವ ಗಾಜಿನ ಒಳಮೈಯಲ್ಲಿ ಮಂಜಾಗಿ ಕಾಣ್ತದೆ. ಕಾಣದ ಕಡೆ, ಸೆಲ್ಲಿನ ಸ್ಪ್ರಿಂಗ್ ಮೇಲೆ, ಹಸಿರು ಕಿಲುಬು ಹಿಡಿಯಲು ಶುರುವಾಗ್ತದೆ.

ಕರಾವಳಿಯಲ್ಲಿ ಕೀ ಎಳೆದಿಡಲೇಬೇಕು ಅಂದ್ರೆ ಹೀಗೆ ಮಾಡಿ: ಒಣಗಿದ ದಿನ, ಫ್ಯಾನ್ ಕೆಳಗೆ ಅರ್ಧ ಗಂಟೆ ಇಟ್ಟು ಒರೆಸಿ, ಆಮೇಲೆ ಕೀ ಎಳೆದು, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಂದು ಲೀಟರ್ ಡಬ್ಬಿಗೆ ಹತ್ತು ಗ್ರಾಂ ಧಾರಾಳ. ಕಿತ್ತಳೆ ಬಣ್ಣದ ಹರಳು ಹಸಿರಾದ್ರೆ, ಅಥವಾ ನೀಲಿಯದ್ದು ಗುಲಾಬಿಯಾದ್ರೆ, ಅದರ ಹೊಟ್ಟೆ ತುಂಬಿದೆ ಅಂತ ಅರ್ಥ. ಹರಳನ್ನು ಪೊಟ್ಟಣದಿಂದ ತೆಗೆದು ಓವನ್ನಿನಲ್ಲಿ 110 ಡಿಗ್ರಿ ಹತ್ತಿರ ಒಂದೆರಡು ಗಂಟೆ ಇಟ್ರೆ ಮತ್ತೆ ಕೆಲಸಕ್ಕೆ ಬರ್ತದೆ. ಚರ್ಮದ ಬೆಲ್ಟ್ ಇದ್ರೆ ಅದನ್ನು ಮಾತ್ರ ಬಿಚ್ಚಿ ಹೊರಗಿಡಿ, ಅತಿಯಾಗಿ ಒಣಗಿದ ಚರ್ಮ ಬಿರುಕು ಬಿಡ್ತದೆ.

ಮಷೀನ್‌ಮನೆ

ಮೇಲೆ ಹತ್ತು ವರ್ಷ ಅಂತ ಬಂತಲ್ಲ, ಅದಕ್ಕೆ ಉತ್ತರ. ಸೆಲ್ ಖಾಲಿಯಾಗೋದು ಸಮಸ್ಯೆಯೇ ಅಲ್ಲ. ಸೆಲ್ ಸೋರೋದು ಸಮಸ್ಯೆ. ಖಾಲಿಯಾದ್ರೆ ಹೊಸ ಸೆಲ್ ಹಾಕಿದ್ರೆ ಮುಗೀತು. ಸೋರಿದ್ರೆ ಕಾಯಿಲ್, ಚಿಪ್ಪಿನ ಹಲಗೆ, ಕೆಲವು ಸಲ ಇಡೀ ಮಷೀನ್ ಹೋಗುತ್ತೆ.

ಸಿಲ್ವರ್ ಆಕ್ಸೈಡ್ ಸೆಲ್ (ಎಸ್‌ಆರ್ ಅಂತ ಶುರುವಾಗೋ ನಂಬರಿನದು) ಒಳಗಿರೋದು ಕ್ಷಾರ, ಕಾಸ್ಟಿಕ್ ಸೋಡಾದ ಜಾತಿಯದು. ಎರಡು ಲೋಹದ ಬಟ್ಟಲುಗಳ ನಡುವೆ ಒಂದು ಪ್ಲಾಸ್ಟಿಕ್ ಉಂಗುರ ಒತ್ತಿ ಅದನ್ನು ತಡೆದಿರುತ್ತೆ. ಸೆಲ್ ಪೂರ್ತಿ ಬರಿದಾದ ಮೇಲೆ ಒಳಗೆ ಅನಿಲ ಹುಟ್ಟಬಹುದು, ವರ್ಷ ಕಳೆದಂತೆ ಉಂಗುರವೂ ಸೋಲುತ್ತೆ. ಸತ್ತ ಸೆಲ್ಲನ್ನು ವಾಚಲ್ಲೇ ಬಿಡಬೇಡಿ ಅನ್ನೋದು ಅದಕ್ಕೇ. ಉಳಿತಾಯಕ್ಕಿಂತ ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡ್ರೆ ಸಾಕು.

ಅವಧಿ ನೋಡಿ ತೀರ್ಮಾನ ಮಾಡಿ. ಒಂದು ತಿಂಗಳ ಒಳಗೆ ಅಂದ್ರೆ ಏನೂ ಮಾಡಬೇಡಿ, ಓಡ್ಲಿ ಬಿಡಿ. ಒಂದು ತಿಂಗಳಿಂದ ಸುಮಾರು ಒಂದು ವರ್ಷ, ಸೆಲ್ ಹೊಸದು, ಜಾಗ ಒಣಗಿದ್ದು ಅಂದ್ರೆ ಕೀ ಎಳೆದಿಡಿ. ವರ್ಷ ದಾಟುತ್ತೆ, ಅಥವಾ ಸೆಲ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲ, ಅಥವಾ ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡ್ ಹಾರ್ತಿದೆ ಅಂದ್ರೆ ಸೆಲ್ ತೆಗೀರಿ. ಹಾರೋದು ಸೆಲ್ ಮುಗೀತಾ ಬಂತು ಅನ್ನೋ ಸೂಚನೆ. ಸೀಕೊ, ಸಿಟಿಜನ್‌ನಲ್ಲಿ ಎರಡು ಸೆಕೆಂಡಿನ ನೆಗೆತ, ಸ್ವಿಸ್ ಇಟಿಎ ಕಂಪನಿಯ ಮಷೀನ್‌ನಲ್ಲಿ ನಾಲ್ಕು ಸೆಕೆಂಡಿನದು. ಎಲ್ಲ ಮಷೀನ್‌ನಲ್ಲೂ ಈ ಸೌಲಭ್ಯ ಇರಲ್ಲ.

ಮಲ್ಟಿಮೀಟರ್ ಹಿಡಿದು 1.55 ವೋಲ್ಟ್ ಬಂತು, ಸೆಲ್ ಫುಲ್ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಸಿಲ್ವರ್ ಆಕ್ಸೈಡ್ ಗುಣವೇ ಅದು, ಕೊನೆತನಕ 1.55ರ ಹತ್ತಿರ ನಿಂತು ಆಮೇಲೆ ದಢಕ್ಕನೆ ಬೀಳುತ್ತೆ. ಅರ್ಧ ಮುಗಿದ ಸೆಲ್ಲೂ ಹೊಸದರ ಹಾಗೇ ತೋರಿಸುತ್ತೆ. ಅದಕ್ಕೇ ಸೆಲ್ ಹಾಕಿದ ತಿಂಗಳು, ವರ್ಷ ಬರೆದಿಡೋದು. ಮುಚ್ಚಳದ ಒಳಮೈಯಲ್ಲಿ ಸಣ್ಣ ಮಾರ್ಕರ್‌ನಿಂದ ಬರೀರಿ. ಕೆರೆದು ಬರೆಯೋ ಹಳೇ ಪದ್ಧತಿ ಬೇಡ, ಲೋಹದ ಪುಡಿ ಮಷೀನಿಗೆ ಬೀಳುತ್ತೆ.

ಪುಟ್ಟಮುಳ್ಳು

ತುಂಬಾ ಉಪಯೋಗ ಆಯ್ತು. ಎರಡು ವರ್ಷ ಮುಟ್ಟದ ಸಾದಾ ವಾಚಿಗೆ ಹಾಗಾದ್ರೆ ಸೆಲ್ ತೆಗೆಯೋದೇ ಸರಿ. ಮನೆಯಲ್ಲೇ ತೆಗೆಯೋದಾದ್ರೆ ಹಂತ ಹಂತವಾಗಿ ಹೇಳಿ ಸರ್. ಎಲ್ಲೆಲ್ಲಿ ಕೆಡುತ್ತೆ ಅನ್ನೋದೂ ಸೇರಿಸಿ.

ಮಷೀನ್‌ಮನೆ

ಬೇಕಾದ್ದು: ಮುಚ್ಚಳ ತೆಗೆಯೋ ಚಾಕು ಅಥವಾ ಸ್ಕ್ರೂ ಮುಚ್ಚಳದ ಓಪನರ್, ಪ್ಲಾಸ್ಟಿಕ್ ಚಿಮಟ, ಗಾಳಿ ಊದೋ ರಬ್ಬರ್ ಬಲ್ಬು, ಐಸೊಪ್ರೊಪೈಲ್ ಆಲ್ಕೋಹಾಲ್, ಸಿಲಿಕೋನ್ ಗ್ರೀಸ್ ಒಂದು ಚೂರು.

1. ಒತ್ತಿ ಕೂರಿಸಿದ ಮುಚ್ಚಳಕ್ಕೆ ಅಂಚಲ್ಲಿ ಒಂದು ಸಣ್ಣ ಕಚ್ಚು ಇರುತ್ತೆ, ಕೈಬೆರಳಲ್ಲಿ ಸವರಿದ್ರೆ ಸಿಗುತ್ತೆ. ಚಾಕುವಿನ ಮೊನೆ ಅಲ್ಲಿಟ್ಟು ತಿರುಚಿ. ಒಳಗೆ ಚುಚ್ಚಬೇಡಿ. ಮೊನೆ ಜಾರಿ ಕಾಯಿಲ್‌ಗೆ ತಾಗಿದ್ರೆ ಕೂದಲಿಗಿಂತ ಸಣ್ಣ ತಂತಿ ಕಡಿಯುತ್ತೆ. ಮನೆಯಲ್ಲಿ ಬಿಚ್ಚಿದ ವಾಚು ಸಾಯೋದು ಹೆಚ್ಚಾಗಿ ಇಲ್ಲೇ.
2. ಸೆಲ್ ಮೇಲೆ ಪಟ್ಟಿ ಇದ್ರೆ ಸ್ಕ್ರೂ ಪೂರ್ತಿ ಬಿಚ್ಚದೆ ಸಡಿಲಿಸಿ, ಪಟ್ಟಿಯನ್ನು ಪಕ್ಕಕ್ಕೆ ಸರಿಸಿ. ಬರೀ ಸ್ಪ್ರಿಂಗ್ ಇದ್ರೆ ಅದನ್ನು ಹೊರಕ್ಕೆ ತಳ್ಳಿ ಎಬ್ಬಿಸಿ.
3. ಸೆಲ್ಲನ್ನು ಪ್ಲಾಸ್ಟಿಕ್ ಚಿಮಟದಲ್ಲೇ ಎತ್ತಿ. ಉಕ್ಕಿನ ಚಿಮಟ ಮೇಲೂ ಪಕ್ಕವೂ ತಾಗಿದ್ರೆ ಶಾರ್ಟ್ ಆಗುತ್ತೆ.
4. ಬರಿಗೈಲಿ ಮುಟ್ಟಿದ್ರೆ ಆಲ್ಕೋಹಾಲ್ ಸವರಿದ ಬಟ್ಟೆಯಲ್ಲಿ ಒರೆಸಿ. ಬೆವರಿನ ಉಪ್ಪು ಎರಡು ಧ್ರುವಗಳ ನಡುವಿನ ಉಂಗುರದ ಮೇಲೆ ಕೂತ್ರೆ ನಿಧಾನಕ್ಕೆ ಕರೆಂಟ್ ಸೋರುತ್ತೆ, ಕ್ಷಾರವೂ ಹೊರಬರೋಕೆ ದಾರಿ ಮಾಡಿಕೊಳ್ಳುತ್ತೆ.
5. ಮುಚ್ಚಳದ ರಬ್ಬರ್ ಉಂಗುರ ಚಪ್ಪಟೆಯಾಗಿದ್ರೆ ಬದಲಿಸಿ. ಚೆನ್ನಾಗಿದ್ರೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ಮುಚ್ಚಳದ ಒಂದು ಅಂಚಲ್ಲಿ ಕೀ ಹೋಗೋ ದಾರಿಗೆ ಸಣ್ಣ ತಗ್ಗು ಇರುತ್ತೆ, ಅದು ಕೀ ಕಡೆಗೇ ಬರಬೇಕು. ಅಡ್ಡ ಇಟ್ಟು ಒತ್ತಿದ್ರೆ ಮುಚ್ಚಳ ಕೂರಲ್ಲ, ಜೋರು ಮಾಡಿದ್ರೆ ಗಾಜು ಒಡೆಯುತ್ತೆ.
6. ಸೆಲ್ ತೆಗೆದ ಮೇಲೆ ಕೀ ಒಳಗೇ ಒತ್ತಿಡಿ. ಸೆಲ್ಲೇ ಇಲ್ಲದ ಮೇಲೆ ಎಳೆದಿಟ್ಟು ಏನು ಪ್ರಯೋಜನ, ಧೂಳು ಹೋಗೋದೊಂದೇ.

ತೆಗೆದ ಸೆಲ್ಲುಗಳನ್ನು ಒಂದೇ ತಗಡಿನ ಡಬ್ಬಿಗೆ ಸುರಿಯಬೇಡಿ, ಒಂದಕ್ಕೊಂದು ತಾಗಿ ಖಾಲಿಯಾಗುತ್ತವೆ. ಒಂದೊಂದನ್ನೂ ಬೇರೆ ಬೇರೆ ಸಣ್ಣ ಪ್ಲಾಸ್ಟಿಕ್ ಕವರಲ್ಲಿ ಹಾಕಿ ತಾರೀಖು ಬರೆದಿಡಿ.

ಇನ್ನೊಂದು, ಇದು ವಾಚಿಗಿಂತ ದೊಡ್ಡದು. ಮಕ್ಕಳ ಕೈಗೆ ಸಿಗೋ ಕಡೆ ಸೆಲ್ ಇಡಬೇಡಿ. 20 ಮಿ.ಮೀ. ಅಗಲದ ಲಿಥಿಯಂ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಎರಡು ಗಂಟೆಯ ಒಳಗೇ ಸುಡೋಕೆ ಶುರು ಮಾಡುತ್ತೆ. ನುಂಗಿರಬಹುದು ಅನ್ನೋ ಅನುಮಾನ ಬಂದ್ರೂ ನೇರ ಆಸ್ಪತ್ರೆಗೆ, ಕಾದು ನೋಡೋದು ಬೇಡ.

ಹಳೇಚಾವಿ

ಸೆಲ್ ಕೊಳ್ಳುವಾಗಿನ ಮೋಸವನ್ನೂ ಸೇರಿಸಿಬಿಡೋಣ. 377 ಅಂತ ಕೇಳಿದ್ರೆ ಕೆಲವು ಕಡೆ ಎಲ್‌ಆರ್626 ಅಥವಾ ಎಜಿ4 ಕೊಡ್ತಾರೆ, ಅಳತೆ ಅದೇ, 6.8 ಮಿ.ಮೀ. ಅಗಲ, 2.6 ಮಿ.ಮೀ. ದಪ್ಪ. ಆದ್ರೆ ಅದು ಆಲ್ಕಲೈನ್. ವೋಲ್ಟೇಜ್ ಮೊದಲ ದಿನದಿಂದಲೇ ಇಳೀತಾ ಹೋಗುತ್ತೆ, ಸೋರೋದೂ ಬೇಗ. ಕಟ್ಟದೆ ಇಡೋ ವಾಚಿಗಂತೂ ಅದು ಬೇಡವೇ ಬೇಡ. ಸೆಲ್ ಬೆನ್ನ ಮೇಲೆ ಎಸ್‌ಆರ್ ಅಂತ ಇದೆಯಾ ನೋಡಿ ತಗೊಳ್ಳಿ.

ಕೊನೆಯ ಅಕ್ಷರಕ್ಕೂ ಅರ್ಥ ಇದೆ. ಎಸ್‌ಡಬ್ಲ್ಯೂ ಅಂದ್ರೆ ಕಮ್ಮಿ ಕರೆಂಟಿನ ಮುಳ್ಳು ವಾಚಿಗೆ. ಬರೀ ಡಬ್ಲ್ಯೂ ಇದ್ರೆ ಲೈಟು, ಅಲಾರಂ ಇರೋ ವಾಚಿಗೆ. 377 ಎಸ್‌ಡಬ್ಲ್ಯೂ, ಅದೇ ಅಳತೆಯ ಡಬ್ಲ್ಯೂ ಸೆಲ್ 376. ಹಾಗೇ 371ರ ಜೋಡಿ 370. ಅದಲುಬದಲು ಮಾಡಿದ್ರೆ ವಾಚು ಓಡುತ್ತೆ, ಆದ್ರೆ ಲೈಟ್ ಒತ್ತಿದಾಗ ಎಸ್‌ಡಬ್ಲ್ಯೂ ಸೆಲ್ಲಿನ ವೋಲ್ಟೇಜ್ ಕುಸಿದು ಡಿಜಿಟಲ್ ವಾಚು ರೀಸೆಟ್ ಆಗಬಹುದು.

ಪೆಟ್ಟಿಗೆಯಲ್ಲಿ ಎಚ್‌ಎಂಟಿ ಜನತಾ, ಪೈಲಟ್ ಇಟ್ಟವರು ಈ ಚರ್ಚೆ ಓದಿ ಗಾಬರಿಯಾಗಬೇಡಿ, ಅವು ಚಾವಿ ಕೊಡೋ ವಾಚು, ಸೆಲ್ಲೇ ಇಲ್ಲ. ಎಚ್‌ಎಂಟಿ ಕ್ವಾರ್ಟ್ಜ್ ಇದ್ರೆ ಮಾತ್ರ ಇವತ್ತೇ ಮುಚ್ಚಳ ತೆಗೆಸಿ ನೋಡಿ. ವರ್ಷಗಟ್ಟಲೆ ಬೀರುವಿನಲ್ಲಿ ಕೂತದ್ದರಲ್ಲಿ ಸತ್ತ ಸೆಲ್ ಇರೋದೇ ಹೆಚ್ಚು.

ಬಿಸಿಲುಕುದುರೆ

ಸೋರಿದ್ದು ಸಿಕ್ಕರೆ ಏನು ಮಾಡೋದು?

ಮಷೀನ್‌ಮನೆ

ಬಿಳಿ ಪುಡಿ ಕ್ಷಾರ. ಅದನ್ನು ಕೊಲ್ಲೋಕೆ ಹುಳಿ ಬೇಕು. ಬಿಳಿ ವಿನೆಗರ್ ಅಥವಾ ನಿಂಬೆರಸದಲ್ಲಿ ಮರದ ಕಡ್ಡಿಯ ತುದಿ ಅದ್ದಿ, ಜಾಡಿಸಿ, ಪುಡಿ ಇರೋ ಕಡೆ ಮಾತ್ರ ಮುಟ್ಟಿಸಿ. ಹನಿ ಬೀಳಬಾರದು. ನೊರೆ ನಿಂತ ಮೇಲೆ ಆಲ್ಕೋಹಾಲ್ ಅದ್ದಿದ ಬೇರೆ ಕಡ್ಡಿಯಿಂದ ಎರಡು ಸಲ ಒರೆಸಿ, ಒಣಗಲು ಬಿಡಿ. ಕಾಯಿಲ್ ಬದುಕಿದೆಯಾ ಅಂತ ಓಮ್ಸ್‌ನಲ್ಲಿ ನೋಡಿ, ಸಾಮಾನ್ಯವಾಗಿ ಒಂದರಿಂದ ಎರಡೂವರೆ ಕಿಲೋಓಮ್ ಬರುತ್ತೆ. ಏನೂ ತೋರಿಸದಿದ್ರೆ ತಂತಿ ಕಡಿದಿದೆ. ಸಾದಾ ಮಷೀನ್ ಆದ್ರೆ ಪೂರ್ತಿ ಬದಲಿಸೋದೇ ಅಗ್ಗ.

ಸೆಲ್ ಮೂರು ವರ್ಷ ಬರಬೇಕಾದ್ದು ಪ್ರತಿ ಸಲ ಒಂದೇ ವರ್ಷಕ್ಕೆ ಮುಗೀತಿದ್ರೆ ಎತ್ತಿಡೋ ವಿಧಾನದಲ್ಲಿ ತಪ್ಪು ಹುಡುಕಬೇಡಿ. ಎಣ್ಣೆ ಒಣಗಿ ಗೇರು ಬಿಗಿಯಾಗಿರುತ್ತೆ. ಇತ್ತೀಚಿನ ಚಿಪ್ಪುಗಳು ಮುಳ್ಳು ಕದಲಿಲ್ಲ ಅಂತ ಗೊತ್ತಾದ್ರೆ ಇನ್ನೊಂದು ಉದ್ದ ಏಟು ಕೊಡುತ್ತವೆ, ಹಾಗಾಗಿ ಸೆಕೆಂಡಿಗೆ ಒಂದರ ಬದಲು ಎರಡು ಏಟಿನ ಕರೆಂಟು. ಸ್ಪೀಕರ್, ಅಯಸ್ಕಾಂತದ ಮೊಬೈಲ್ ಕವರ್ ಪಕ್ಕ ಇಟ್ರೂ ಇದೇ ಕಥೆ.

ಡಿಜಿಟಲ್‌ಡಬ್ಬಿ

ಎಫ್-91ಡಬ್ಲ್ಯೂ ಬಗ್ಗೆ ಯಾರೂ ಹೇಳಿಲ್ಲ, ಯಾಕಂದ್ರೆ ಹೇಳೋಕೆ ಹೆಚ್ಚೇನಿಲ್ಲ. ಅದಕ್ಕೆ ಎಳೆಯೋ ಕೀಯೇ ಇಲ್ಲ. ಸಿಆರ್2016 ಲಿಥಿಯಂ ಸೆಲ್, 3 ವೋಲ್ಟ್, ಸುಮಾರು 90 ಮಿಲಿಆಂಪ್-ಅವರ್. ಕಂಪನಿ ಹೇಳೋದು ಸುಮಾರು 7 ವರ್ಷ, ಅದೂ ದಿನಕ್ಕೆ 20 ಸೆಕೆಂಡ್ ಅಲಾರಂ, ಒಂದು ಸೆಕೆಂಡ್ ಲೈಟ್ ಅನ್ನೋ ಲೆಕ್ಕದಲ್ಲಿ. ಆರು ತಿಂಗಳು ಸೆಲ್ ತೆಗೆದಿಟ್ರೆ ಉಳಿಯೋದು ಶೇ. 7ರ ಸುತ್ತಮುತ್ತ. ಅಷ್ಟಕ್ಕೆ ಹಿಂದಿನ ನಾಲ್ಕು ಪುಟಾಣಿ ಸ್ಕ್ರೂ ಬಿಚ್ಚಿ ತಲೆ ಸವೆಸೋದು ಬುದ್ಧಿವಂತಿಕೆ ಅಲ್ಲ.

ಮಾಡಬೇಕಾದ್ದು ಎರಡೇ. ಒಂದು, ಅಲಾರಂ ಮತ್ತು ಗಂಟೆಗೊಮ್ಮೆ ಕೂಗೋ ಬೀಪ್ ಎರಡನ್ನೂ ಆರಿಸಿ. ಕೆಳಗಿನ ಎಡ ಬಟನ್ ಒಮ್ಮೆ ಒತ್ತಿ ಅಲಾರಂ ಪರದೆಗೆ ಹೋಗಿ, ಬಲ ಬಟನ್ ಒತ್ತುತ್ತಾ ಹೋದ್ರೆ ಎರಡೂ ಗುರುತು ಮಾಯವಾಗೋ ಹಂತ ಬರುತ್ತೆ. ಕಟ್ಟದ ವಾಚು ಬೀರುವಿನೊಳಗೆ ಪ್ರತಿದಿನ ಬೆಳಿಗ್ಗೆ ಯಾರಿಗೂ ಕೇಳದ ಹಾಗೆ ಕೂಗಿ ಕೂಗಿ ಸುಸ್ತಾಗ್ತಿರುತ್ತೆ. ಎರಡು, ಲೈಟ್ ಬಟನ್. ಬಿಗಿಯಾದ ಪೆಟ್ಟಿಗೆಯ ಗೋಡೆಗೆ ಅಥವಾ ಪಕ್ಕದ ವಾಚಿಗೆ ಆ ಬಟನ್ ಒತ್ತಿಕೊಂಡ್ರೆ ವರ್ಷಗಳ ಲೆಕ್ಕವೆಲ್ಲ ತಲೆಕೆಳಗು. ಮಣಿಕಟ್ಟು ಎತ್ತಿದ್ರೆ ತಾನೇ ಹೊತ್ತೋ ಆಟೊ ಲೈಟ್ ಇರೋ ಕ್ಯಾಸಿಯೊ ಜಿ-ಶಾಕ್‌ನಲ್ಲಿ ಅದನ್ನೂ ಆರಿಸಿ, ಬ್ಯಾಗಿನಲ್ಲಿ ಅಲುಗಿದಾಗಲೆಲ್ಲ ಹೊತ್ತುತ್ತೆ.

ಸೆಲ್ ಬದಲಿಸಿದ ಮೇಲೆ ಕ್ಯಾಸಿಯೊ ಪರದೆ ಖಾಲಿ ಇದ್ರೆ ಅಥವಾ ಗೀಟುಗಳು ಅಡ್ಡಾದಿಡ್ಡಿ ಬಂದ್ರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಒಳಗೆ ಎಸಿ ಅಂತ ಬರೆದ ಒಂದು ಚುಕ್ಕೆ ಇರುತ್ತೆ. ಲೋಹದ ಚಿಮಟದ ಒಂದು ಕಾಲು ಅಲ್ಲಿ, ಇನ್ನೊಂದು ಸೆಲ್ಲಿನ ಪ್ಲಸ್ ಮೇಲೆ, ಎರಡು ಸೆಕೆಂಡ್. ಸರಿಹೋಗುತ್ತೆ.

ಸೌರಮಂಡ್ಯ

ಇಕೊ-ಡ್ರೈವ್, ಸೋಲಾರ್ ಜಿ-ಶಾಕ್ ಇರೋರಿಗೆ ಮೇಲಿನ ಸಲಹೆಗಳು ಉಲ್ಟಾ. ಇವನ್ನು ಕತ್ತಲೆ ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು. ಒಳಗಿರೋದು ಮತ್ತೆ ಮತ್ತೆ ತುಂಬೋ ಸೆಲ್, ಅದು ಬರಿದಾಗಿ ತಿಂಗಳುಗಟ್ಟಲೆ ಕೂರೋದು ಒಳ್ಳೇದಲ್ಲ.

ಬೆಳಕಿನ ಅಂದಾಜು ಇರಲಿ. ಮನೆಯೊಳಗಿನ ಬೆಳಕು ಸುಮಾರು 500 ಲಕ್ಸ್, ಮೋಡ ಕವಿದ ಹಗಲು 10,000, ಬೇಸಿಗೆಯ ನೇರ ಬಿಸಿಲು 1,00,000. ಟ್ಯೂಬ್‌ಲೈಟಿನ ಕೆಳಗೆ ಇಡೀ ದಿನ ಇಟ್ರೂ ಕಿಟಕಿಯ ಅರ್ಧ ಗಂಟೆಗೆ ಸಮ ಆಗೋದು ಕಷ್ಟ. ಹಾಗಂತ ಉರಿಬಿಸಿಲಲ್ಲಿ ಗಾಜಿನ ಹಿಂದೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. 60 ಡಿಗ್ರಿ ದಾಟಿದ ಕಡೆ ಚಾರ್ಜ್ ಮಾಡಬೇಡಿ ಅಂತ ಸಿಟಿಜನ್ ಕೈಪಿಡಿಯಲ್ಲೇ ಇದೆ. ಬೆಳಗಿನ ಎಳೆಬಿಸಿಲು ಬೀಳೋ ಕಿಟಕಿ ಕಟ್ಟೆ ಸಾಕು. ಪೂರ್ತಿ ತುಂಬಿಸಿ, ಆಮೇಲೆ ಬೆಳಕಾಡೋ ಶೆಲ್ಫಲ್ಲಿ ಮುಖ ಮೇಲೆ ಮಾಡಿ ಇಡಿ.

ಕತ್ತಲೆಯಲ್ಲಿ ಇಡಲೇಬೇಕಾದ್ರೆ ಪವರ್ ಸೇವ್ ಆನ್ ಇದೆಯಾ ನೋಡಿ. ಸೋಲಾರ್ ಡಿಜಿಟಲ್ ಕ್ಯಾಸಿಯೊ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರೊಳಗೆ ಕತ್ತಲಲ್ಲಿ ಒಂದು ಗಂಟೆ ಬಿಟ್ರೆ ಪರದೆ ಆರಿಸುತ್ತೆ, ಆರೇಳು ದಿನ ಬಿಟ್ರೆ ಪೂರ್ತಿ ನಿದ್ದೆಗೆ ಜಾರುತ್ತೆ. ಟೈಮು ಮಾತ್ರ ಒಳಗೆ ಎಣಿಸ್ತಾ ಇರುತ್ತೆ. ಬೆಳಕಿಗೆ ತಂದ್ರೆ ಏಳುತ್ತೆ. ಸತ್ತಿದೆ ಅಂತ ಸೆಲ್ ಬದಲಿಸೋಕೆ ಓಡಬೇಡಿ.

ಸೋಲಾರ್ ವಾಚಿನ ಸೆಲ್ ಬದಲಿಸುವಾಗ ಅಳತೆ ಒಂದೇ ಅಂತ ಸಾದಾ ಸೆಲ್ ಹಾಕಲೇಬಾರದು. ಎಂಟಿ621 ಜಾಗದಲ್ಲಿ ಎಸ್‌ಆರ್621ಎಸ್‌ಡಬ್ಲ್ಯೂ ಕೂರುತ್ತೆ, ಸಿಟಿಎಲ್1616 ಜಾಗದಲ್ಲಿ ಸಿಆರ್1616 ಕೂರುತ್ತೆ. ಕೂತು ಓಡೋದೂ ಉಂಟು. ಆಮೇಲೆ ಸೋಲಾರ್ ಹಲಗೆ ಚಾರ್ಜ್ ಆಗಬಾರದ ಸೆಲ್‌ಗೆ ಚಾರ್ಜ್ ತುಂಬುತ್ತೆ, ಸೆಲ್ ಉಬ್ಬಿ ಸೋರುತ್ತೆ.

ರೇಡಿಯೊ ಸಿಗ್ನಲ್‌ನಿಂದ ಟೈಮ್ ಸರಿ ಮಾಡಿಕೊಳ್ಳೋ ಮಾಡೆಲ್‌ಗಳಲ್ಲಿ ಆಟೊ ರಿಸೀವ್ ಆರಿಸಿ. ಆ ವಾಚುಗಳು ಹುಡುಕೋ ಪ್ರಸಾರ ಕೇಂದ್ರ ನಮ್ಮ ದೇಶದಲ್ಲಿಲ್ಲ, ರಾತ್ರಿಯಿಡೀ ಕಿವಿ ಕೊಟ್ಟು ಕೂರೋದು ವ್ಯರ್ಥ. ಬ್ಲೂಟೂತ್ ಜಿ-ಶಾಕ್‌ಗಳು ದಿನಕ್ಕೆ ನಾಲ್ಕು ಸಲ ಫೋನ್ ಹುಡುಕುತ್ತವೆ, ಅದನ್ನೂ ಆ್ಯಪ್‌ನಲ್ಲಿ ನಿಲ್ಲಿಸಬಹುದು.

ಕಲ್ಬುರ್ಗಿಬಿಸಿಲು

ನಮ್ಮ ಕಡಿ ಸಮಸ್ಯಾ ತೇವ ಅಲ್ಲ, ಝಳ. ಕಲಬುರಗಿ, ರಾಯಚೂರಾಗ ಬ್ಯಾಸಗ್ಯಾಗ ನೆರಳಾಗೇ 40 ದಾಟ್ತದ. ಪಡುವಣ ಗ್ವಾಡಿಗಿ ಆತು ನಿಂತ ಕಬ್ಬಿಣದ ಬೀರುವಿನ ಒಳಗ ಇನ್ನೂ ಹೆಚ್ಚ. ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯಾ 10 ಡಿಗ್ರಿ ಏರಿದ್ರ ಹೆಚ್ಚುಕಮ್ಮಿ ಎರಡು ಪಟ್ಟು ಆಗ್ತದ ಅಂಬೋದು ಒಂದು ಒರಟು ಲೆಕ್ಕ. ಅಂದ್ರ ಕೀ ಎಳದು ಉಳಿಸಿದ್ದರಾಗ ಒಂದು ಪಾಲು ಶಕೀನೇ ತಿಂತದ. ಬೀರುವಿನ ಕೆಳಗಿನ ಖಾನಾ, ನಡುಮನಿ ಗೋಡೆ ಕಡಿ, ಅಲ್ಲಿ ಇಡ್ರಿ. ಟಿವಿ ಮ್ಯಾಗ, ಫ್ರಿಜ್ ಮ್ಯಾಗ ಬ್ಯಾಡ.

ಬೀರುವಿನಾಗ ಸೀರಿಗಿ ಅಂತ ಡಾಂಬರು ಗುಳಿಗಿ ಇಟ್ಟಿರ್ತಾರ. ವಾಚು ಅದರ ಸಂಗಟ ಇಡಬ್ಯಾಡ್ರಿ, ಆ ಹಬಿ ಕೆಲವು ಪ್ಲಾಸ್ಟಿಕ್ ಮೆತ್ತಗ ಮಾಡ್ತದ.

ಕಡಲತಡಿ

ಹಾಗಾದ್ರೆ ಫ್ರಿಜ್ ಒಳಗೆ ಇಟ್ರೆ?

ಕಲ್ಬುರ್ಗಿಬಿಸಿಲು

ಬ್ಯಾಡ್ರಿ. ತಂಪಿನಾಗ ಸೆಲ್ ಒಂದೀಟು ಉಳೀತದ ಖರೆ, ಆದ್ರ ಹೊರಗ ತಗದ ಕೂಡ್ಲೇ ತಣ್ಣನ ಲೋಹದ ಮ್ಯಾಗ ಇಬ್ಬನಿ ಕೂಡ್ತದ. ವಾಚಿನೊಳಗ ಸಿಕ್ಕ ಗಾಳಿಯಾಗಿನ ತೇವನೂ ಒಳಗೇ ನೀರಾಗ್ತದ. ಕೀ ಎಳದ ವಾಚನ್ನ ಫ್ರಿಜ್‌ನಾಗ ಇಟ್ರಂತೂ ಮುಗದೇ ಹೋತು. ಸಿಲ್ವರ್ ಆಕ್ಸೈಡ್, ಲಿಥಿಯಂ ಎರಡೂ ತಾವಾಗೇ ಖಾಲಿ ಆಗೋದೇ ಭಾಳ ಕಮ್ಮಿ. ಸಿಆರ್ ಸೆಲ್‌ದಂತೂ ವರ್ಷಕ್ಕ ಶೇ. 1ರ ಆಸುಪಾಸು. ಅಷ್ಟರ ಸಲುವಾಗಿ ವಾಚಿನ ಜೀವಾ ಒತ್ತಿ ಇಡೋದು ಯಾಕ?

ಚಾರ್ಜರ್‌ಚಿಂತೆ

ಸ್ಮಾರ್ಟ್‌ವಾಚ್ ಉಳಿದುಹೋಯ್ತು. ಅದರದ್ದು ಬೇರೆಯೇ ನ್ಯಾಯ. ಒಳಗಿರೋದು ಲಿಥಿಯಂ-ಅಯಾನ್. ಅದಕ್ಕೆ ಎರಡು ತುದಿಯೂ ಕೆಟ್ಟದ್ದು. 100ಕ್ಕೆ ತುಂಬಿಸಿ ತಿಂಗಳುಗಟ್ಟಲೆ ಇಟ್ರೆ ಸಾಮರ್ಥ್ಯ ಕುಗ್ಗುತ್ತೆ, ಸೊನ್ನೆಗೆ ಬಿಟ್ರೆ ವೋಲ್ಟೇಜ್ ಸುರಕ್ಷಿತ ಮಟ್ಟದಿಂದ ಕೆಳಗಿಳಿದು ಮತ್ತೆ ಚಾರ್ಜ್ ತಗೊಳ್ಳದೇ ಹೋಗಬಹುದು. ಆ್ಯಪಲ್ ತನ್ನ ಸಾಧನಗಳಿಗೆ ಹೇಳೋದು: ಸುಮಾರು 50ರಲ್ಲಿ ಆಫ್ ಮಾಡಿ, 32 ಡಿಗ್ರಿಗಿಂತ ತಂಪಾದ ಕಡೆ ಇಡಿ, ಆರು ತಿಂಗಳಿಗೊಮ್ಮೆ ಮತ್ತೆ 50ಕ್ಕೆ ತನ್ನಿ. ವಾಚಿನ ಬ್ಯಾಟರಿ ಪುಟ್ಟದು, ಹಾಗಾಗಿ ಮೂರು ತಿಂಗಳಿಗೊಮ್ಮೆ ನೋಡೋದು ನನ್ನ ಮಟ್ಟಿಗೆ ಜಾಣತನ. ಆಫ್ ಮಾಡಿದ ಮೇಲೂ ಒಳಗಿನ ಸರ್ಕ್ಯೂಟ್ 30 ಮೈಕ್ರೊಆಂಪ್ ಎಳೀತು ಅಂತ ಇಟ್ಟುಕೊಳ್ಳಿ, ತಿಂಗಳಿಗೆ 21.6 ಮಿಲಿಆಂಪ್-ಅವರ್. 300ರ ಬ್ಯಾಟರಿಯಲ್ಲಿ ಅದು ಶೇ. 7. ಅರ್ಧದಿಂದ ಶುರು ಮಾಡಿದ್ರೆ ಏಳು ತಿಂಗಳಲ್ಲಿ ತಳ ಕಾಣುತ್ತೆ.

ಎರಡು ದಿನ ಬಿಚ್ಚಿಡೋದಾದ್ರೆ ಆಫ್ ಮಾಡೋದು ಬೇಡ, ಏರೋಪ್ಲೇನ್ ಮೋಡ್ ಸಾಕು. ಫೋನ್ ಇನ್ನೊಂದು ಕೋಣೆಗೆ ಅಥವಾ ಆಫೀಸಿಗೆ ಹೋದ್ರೆ ವಾಚು ಬ್ಲೂಟೂತ್ ಹುಡುಕುತ್ತೆ, ಸಿಗದಿದ್ರೆ ವೈ-ಫೈ, ಸಿಮ್ ಇರೋ ಮಾಡೆಲ್ ಆದ್ರೆ ಮೊಬೈಲ್ ನೆಟ್‌ವರ್ಕ್. ಕೈಯಲ್ಲಿ ಇದ್ದಾಗಿನದಕ್ಕಿಂತ ಮೇಜಿನ ಮೇಲೆ ಬೇಗ ಇಳಿಯೋದು ಇದಕ್ಕೇ. ಬೆನ್ನಿನ ಹಸಿರು ಲೈಟೂ ನೋಡಿ. ಬಟ್ಟೆ, ಹೊಳೆಯೋ ಮೇಜು ತಾಗಿದ್ರೆ ಚರ್ಮ ಅಂತ ಮೋಸಹೋಗಿ ನಾಡಿ ಎಣಿಸ್ತಾ ಕೂರುತ್ತೆ. ಬೆನ್ನು ತೆರೆದಿರೋ ಹಾಗೆ ಪಕ್ಕಕ್ಕೆ ವಾಲಿಸಿ ಇಡಿ.

ಚಾರ್ಜರ್ ಮೇಲೇ ವಾರಗಟ್ಟಲೆ ಬಿಡೋದು ಉಪಕಾರ ಅಲ್ಲ. ಸದಾ ನೂರು, ಮೇಲೆ ಬಿಸಿ. ತೆಗೆದು ನೋಡಿದಾಗ ಪರದೆ ಅಂಚಲ್ಲಿ ಎದ್ದಿದ್ರೆ ಬ್ಯಾಟರಿ ಉಬ್ಬಿದೆ, ಚಾರ್ಜ್‌ಗೆ ಹಾಕಲೇಬೇಡಿ. ಎದ್ದಿಲ್ಲ, ಬರೀ ಸತ್ತ ಹಾಗಿದೆ ಅಂದ್ರೆ ಒಂದೆರಡು ಗಂಟೆ ಚಾರ್ಜರ್ ಮೇಲಿಟ್ಟು ಕಾಯಿರಿ, ತಕ್ಷಣ ಏನೂ ತೋರಿಸೋದಿಲ್ಲ.

ಹಳೇಚಾವಿ

ಕೀ ಎಳೀಬಾರದ ವಾಚುಗಳ ಒಂದು ಪಂಗಡ ಇದೆ, ಅದು ಬಿಟ್ಟುಹೋಗೋದು ಬೇಡ. ತಿಂಗಳಿಗೆ 30ಆ 31ಆ, ಅಧಿಕ ವರ್ಷವಾ ಅಂತ ತಾನೇ ಲೆಕ್ಕ ಇಡೋ ಪರ್ಪೆಚುಯಲ್ ಕ್ಯಾಲೆಂಡರ್ ಕ್ವಾರ್ಟ್ಜ್. ಉದಾಹರಣೆಗೆ ಸೀಕೊ 8ಎಫ್ ಮಷೀನ್. ಸೆಕೆಂಡಿಗೆ 1,96,608 ಸಲ ನಡುಗೋ ಹರಳು, ಸಿಆರ್2412 ಲಿಥಿಯಂ ಸೆಲ್, ಹತ್ತು ವರ್ಷದ ಬಾಳಿಕೆ. ಎಳೆದಿಟ್ರೆ ಟೈಮ್ ನಿಂತು ಕ್ಯಾಲೆಂಡರ್ ಲೆಕ್ಕವೇ ಹಿಂದೆ ಬೀಳುತ್ತೆ, ಮತ್ತೆ ಹೊಂದಿಸೋದು ತಲೆನೋವು. ಹಾಗೇ ಓಡಲು ಬಿಡಿ.

ಕ್ರೋನೊಗ್ರಾಫ್‌ಗೆ ಬಂದ್ರೆ, ಸ್ಟಾಪ್‌ವಾಚ್ ನಿಲ್ಲಿಸಿ ಸೊನ್ನೆಗೆ ತಂದು ಆಮೇಲೆ ಕೀ ಎಳೀರಿ. ಬಹಳ ಜನ ಸಣ್ಣ ಸೆಕೆಂಡ್ ಮುಳ್ಳು ಓಡೋದು ಕಾಣಲ್ಲ, ನಿಂತ ಹಾಗಿದೆ ಅಂತ ದೊಡ್ಡ ಮುಳ್ಳನ್ನು ಓಡಿಸಿಬಿಡ್ತಾರೆ. ಅದು ಸ್ಟಾಪ್‌ವಾಚಿನ ಮುಳ್ಳು. ಅದಕ್ಕೆ ಇನ್ನೊಂದು ಮೋಟರ್, ಇನ್ನೊಂದು ಪಾಲು ಕರೆಂಟು.

ಪುಟ್ಟಮುಳ್ಳು

ಎಲ್ಲರಿಗೂ ವಂದನೆ. ಕೊನೇ ಪ್ರಶ್ನೆ: ಆರು ತಿಂಗಳಿಗೆ ಕೀ ಎಳೆದಿಟ್ಟ ವಾಚಲ್ಲಿ ಕೀ ತಾನಾಗೇ ಒಳಗೆ ಹೋಗದ ಹಾಗೆ ಏನಾದ್ರೂ ಉಪಾಯ? ಹೊಸ ವಾಚಿಗೆ ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ತುಂಡು ಸಿಗಿಸಿರ್ತಾರಲ್ಲ, ಆ ಥರ.

ಮಷೀನ್‌ಮನೆ

ಅದೇ ತುಂಡು ಇದ್ರೆ ಎತ್ತಿಟ್ಟುಕೊಳ್ಳಿ, ಬಿಸಾಡಬೇಡಿ. ಇಲ್ಲಾಂದ್ರೆ ದಪ್ಪ ಪ್ಲಾಸ್ಟಿಕ್ ಹಾಳೆ, ಹಳೇ ಎಟಿಎಂ ಕಾರ್ಡ್ ಆದ್ರೂ ಸರಿ. ಸಾಮಾನ್ಯ ಕಾರ್ಡ್ ಮುಕ್ಕಾಲು ಮಿ.ಮೀ. ದಪ್ಪ ಇರುತ್ತೆ. 6 ಮಿ.ಮೀ. ಚೌಕ ಕತ್ತರಿಸಿ, ಒಂದು ಬದಿಯಿಂದ ನಡುವಿನ ತನಕ 1.5 ಮಿ.ಮೀ. ಅಗಲದ ಸೀಳು ಮಾಡಿ. ಕೀ ಎಳೆದ ಮೇಲೆ ಕೀಗೂ ವಾಚಿನ ಮೈಗೂ ನಡುವಿನ ಸಂದಿಯಲ್ಲಿ ಪಕ್ಕದಿಂದ ಸಿಗಿಸಿ. ಸಂದಿ ದೊಡ್ಡದಿದ್ರೆ ಎರಡು ಪದರ. ತುರುಕೋ ಹಾಗಿದ್ರೆ ಒಂದು ಪದರ ಉಜ್ಜಿ ತೆಳ್ಳಗೆ ಮಾಡಿ, ಬಲವಂತಕ್ಕೆ ಕೀಯ ಕಡ್ಡಿ ಬಾಗುತ್ತೆ. ಆ ತುಂಡಿನ ಮೇಲೇ ಸೆಲ್ ಹಾಕಿದ ತಿಂಗಳು ಬರೆಯಿರಿ, ಬೇರೆ ಚೀಟಿ ಹುಡುಕೋ ಕೆಲಸ ಇರಲ್ಲ.